ಜಯಮ್ಮನವರ ಕಾಲಡಿಯ ತಗಡು

ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಮನಸ್ಸು ಬಂದಾಗ ಕೇಳಿಸುತ್ತದೆ. ಮೂವತ್ತೆಂಟು ವರ್ಷ ತಗಡಿನ ಮೇಲೆ ಸುತ್ತಿಗೆ ಬಡಿದವನಿಗೆ ಸಿಗುವ ಪಿಂಚಣಿ ಇದೊಂದೇ. ಮನೆಯಲ್ಲಿ ಇದರಿಂದ ಅನುಕೂಲವೇ ಆಗಿದೆ, ಬೇಡದ ಮಾತು ಬಂದಾಗ ಎಡಗಿವಿಯನ್ನು ಮುಂದೆ ಮಾಡುತ್ತೇನೆ. ಈಚೆಗೆ ನಮ್ಮ ಬೀದಿಯಲ್ಲಿ ಐಟಿಐ ಮುಗಿಸಿ ಕಾರ್ ಕಂಪನಿಯ ಬಾಡಿ ಶಾಪಿಗೆ ಸೇರುತ್ತಿರುವ ಇಬ್ಬರು ಬಂದು, ‘ಕೆಲಸ ಹೆಂಗಿರುತ್ತೆ, ಸ್ವಲ್ಪ ಹೇಳಿ ತಾತ’ ಎಂದರು. ಬಾಯಲ್ಲಿ ಹೇಳಹೊರಟರೆ ಅವರು ನಡುನಡುವೆ ಪ್ರಶ್ನೆ ಕೇಳುತ್ತಾರೆ, ನನಗೆ ಕೇಳಿಸುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಟಿಂಕರ್. ಗುದ್ದಿದ, ತಗ್ಗು ಬಿದ್ದ, ತುಕ್ಕು ಹಿಡಿದ ಕಾರಿನ ಮೈಯನ್ನು ಸರಿಮಾಡುವವನು. ಮೆಕ್ಯಾನಿಕ್ ಮಾಡಿದ ಕೆಲಸ ಗಾಡಿ ಓಡಿಸಿದರೆ ಗೊತ್ತಾಗುತ್ತದೆ, ಪೇಂಟರ್ ಮಾಡಿದ್ದು ಎದುರಿಗೆ ನಿಂತರೆ ಗೊತ್ತಾಗುತ್ತದೆ. ಟಿಂಕರ್ ಮಾಡಿದ್ದು ಮಾತ್ರ ಬಣ್ಣದ ಒಳಗೆ ಮುಚ್ಚಿಹೋಗುತ್ತದೆ. ಚೆನ್ನಾಗಿ ಮಾಡಿದ್ದರೂ ಯಾರೂ ನೋಡುವುದಿಲ್ಲ, ಕೆಡಿಸಿದ್ದರೂ ಯಾರೂ ನೋಡುವುದಿಲ್ಲ. ನಮ್ಮ ಕಸುಬಿನಲ್ಲಿ ನೆಟ್ಟಗಿರುವುದು ಯಾಕೆ ಕಷ್ಟ ಎಂದು ಇಷ್ಟರಲ್ಲೇ ನಿಮಗೆ ಹೊಳೆದಿರಬೇಕು.

ನಮ್ಮ ಊರು ಮೂಡಲಪಾಳ್ಯ. ಆಗ ಅದನ್ನು ಊರು ಎಂದೇ ಕರೆಯಬಹುದಿತ್ತು, ಅಪ್ಪ ರಾಗಿ ಬೆಳೆಯುತ್ತಿದ್ದರು. ಹೊಲದ ಕೆಲಸ ತಪ್ಪಿಸಿಕೊಳ್ಳಲೆಂದು ನಾನು ಬಾಪೂಜಿ ನಗರದ ಒಂದು ಗ್ಯಾರೇಜಿಗೆ ಸೇರಿದೆ. ಬಿಸಿಲಲ್ಲಿ ಬಗ್ಗುವುದು ಬೇಡ ಎಂದು ಬಂದವನು ಆಮೇಲೆ ಇಡೀ ಆಯಸ್ಸು ಕಾರುಗಳ ಕೆಳಗೆ ಬೆನ್ನ ಮೇಲೆ ಮಲಗಿ ಕಳೆದೆ. ಅಲ್ಲಿನ ಮೇಸ್ತ್ರಿ ಗಂಗಣ್ಣ. ಬಿಳಿ ಅಂಗಿ ಹಾಕಿಕೊಂಡು ಬಂದು, ಸಂಜೆ ಅದೇ ಬಿಳುಪಿನಲ್ಲಿ ಮನೆಗೆ ಹೋಗುತ್ತಿದ್ದ ಮನುಷ್ಯ. ಕಾರಿನ ಬಾಗಿಲ ಮೇಲೆ ಅಂಗೈ ಆಡಿಸಿ, ಕಣ್ಣು ಮುಚ್ಚಿ, ‘ಇಲ್ಲಿ ಅರ್ಧ ನೂಲು ಎದ್ದಿದೆ’ ಎಂದರೆ ಎದ್ದೇ ಇರುತ್ತಿತ್ತು. ಅವರ ಕೈಗೆ ಅಷ್ಟು ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಅವರು ಉಪಯೋಗಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ತುಕ್ಕಿಗೆ ಮೇಸ್ತ್ರಿಯ ಬಳಿ ಒಂದು ಪದ್ಧತಿ ಇತ್ತು. ಅದನ್ನು ಅವರು ‘ಮೇಕಪ್’ ಎನ್ನುತ್ತಿದ್ದರು. ಕಾರಿನ ತಳದಲ್ಲಿ ತೂತು ಬಿದ್ದಿದ್ದರೆ ತುಕ್ಕನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯಬೇಕು, ಅದು ಸರಿಯಾದ ದಾರಿ, ನಾಲ್ಕೈದು ದಿನದ ಕೆಲಸ. ಮೇಕಪ್ಪಿನಲ್ಲಿ ತೂತಿನ ಮೇಲೆ ಗೋಣಿಯ ತುಂಡು ಹಾಸಿ, ಕಾಯಿಸಿದ ಡಾಂಬರು ಬಳಿದು, ಮೇಲೆ ಕಪ್ಪು ಪೇಂಟ್ ಹೊಡೆದು, ಮ್ಯಾಟ್ ಹಾಸಿಬಿಡುವುದು. ಬೆಳಗ್ಗೆ ಬಂದ ಕಾರು ಸಂಜೆಗೆ ಹೋಗುತ್ತಿತ್ತು. ‘ಗಿರಾಕಿ ತಳ ನೋಡಲ್ಲ ಕಣೋ ಮರಿ, ಬಣ್ಣ ನೋಡ್ತಾನೆ’ ಎನ್ನುತ್ತಿದ್ದರು. ನನ್ನ ಹೆಸರು ಮರಿಸ್ವಾಮಿ. ಹೆಸರನ್ನು ಪೂರ್ತಿ ಹೇಳಲೂ ಅವರಿಗೆ ಪುರುಸೊತ್ತಿರಲಿಲ್ಲ.

ನಾನೂ ಕಡಿಮೆಯವನಲ್ಲ. ಒಬ್ಬ ವಕೀಲರ ಕಾರಿನ ಬಾಗಿಲು ಸರಿಮಾಡುವಾಗ, ತಗಡಿನ ಹಿಂದೆ ಆನಿಕೆಗೆ ಹಿಡಿಯುವ ಕಬ್ಬಿಣದ ಗಟ್ಟಿ, ಅದನ್ನು ನಾವು ಡಾಲಿ ಎನ್ನುತ್ತೇವೆ, ಅದನ್ನು ಬಾಗಿಲೊಳಗೇ ಬಿಟ್ಟು ಬೆಸೆದುಬಿಟ್ಟೆ. ವಕೀಲರು ತಿರುವು ತೆಗೆದಾಗಲೆಲ್ಲ ಒಳಗೆ ಢಣ್ ಎನ್ನುತ್ತಿತ್ತು. ಎರಡು ವರ್ಷದಲ್ಲಿ ಮೂವರು ಮೆಕ್ಯಾನಿಕ್‌ಗಳು ಆ ಸದ್ದಿಗಾಗಿ ಮುಂಚಕ್ರದ ಸಾಮಾನನ್ನೆಲ್ಲ ಬದಲಾಯಿಸಿದರು. ಡಾಲಿ ಎಲ್ಲಿ ಹೋಯಿತೆಂದು ನಾನು ಗ್ಯಾರೇಜಿನ ತುಂಬ ಹುಡುಕಿದ್ದೆ. ಎಲ್ಲಿದೆ ಎಂದು ಹೊಳೆದ ದಿನದಿಂದ ಹುಡುಕುವುದನ್ನು ನಿಲ್ಲಿಸಿದೆ, ಬಾಯಿ ಮಾತ್ರ ಬಿಡಲಿಲ್ಲ. ಅಂಥ ವಯಸ್ಸು, ಅಂಥ ಧೈರ್ಯ.

ಎಂಬತ್ತರ ದಶಕದ ನಡುಗಾಲದಲ್ಲಿ ರಾಜಾಜಿನಗರದ ರಂಗನಾಥಯ್ಯ ಎಂಬವರು ತಮ್ಮ ಕಾರು ತಂದರು. ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೆಷಿನಿಸ್ಟ್ ಆಗಿ ನಿವೃತ್ತರಾಗಿದ್ದವರು. ಕಾರು ಹಳೆಯ ಕಾಲದ ಪುಟ್ಟ ವಿಲಾಯತಿ ಗಾಡಿ, ದುಂಡು ಮೂತಿ, ದುಂಡು ಬೆನ್ನು, ಒಳಗೆ ನಾಲ್ಕು ಜನ ಕೂತರೆ ಎಲ್ಲರ ಮೊಣಕಾಲೂ ಎಲ್ಲರಿಗೂ ತಾಗುತ್ತಿತ್ತು. ಯಾರೋ ಶೆಡ್ಡಿನಲ್ಲಿ ಕೊಳೆಹಾಕಿದ್ದ ಅದನ್ನು ಕೊಂಡು, ನಿವೃತ್ತಿಯ ಮೊದಲ ಎರಡು ವರ್ಷ ಮನೆಯಲ್ಲೇ ಕೂತು ಇಂಜಿನ್ನನ್ನು ಬಿಚ್ಚಿ, ತೊಳೆದು, ಕೆಲವು ಭಾಗಗಳನ್ನು ತಾವೇ ಕಡೆದು ಜೋಡಿಸಿದ್ದರು. ಇಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಆದರೆ ತಗಡಿನ ಕೆಲಸ ಅವರಿಗೆ ಬಾರದು. ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಅಂಗೈ ಅಗಲ ತುಕ್ಕು ತಿಂದಿತ್ತು. ತಳದ ಇನ್ನೂ ಎರಡು ಮೂರು ಕಡೆ ಸಣ್ಣ ತೂತುಗಳಿದ್ದವು. ಮೇಸ್ತ್ರಿ ನೋಡಿ, ‘ಮೇಕಪ್ ಹೊಡಿ’ ಎಂದರು. ನಾನು ಹೊಡೆದೆ.

ಎರಡು ತಿಂಗಳು ಕಳೆದಿರಬೇಕು. ವಿಜಯನಗರದಲ್ಲಿ ದೇವಸ್ಥಾನ ಮುಗಿಸಿ ದಂಪತಿ ಬರುತ್ತಿದ್ದಾಗ, ರಸ್ತೆ ಉಬ್ಬಿನ ಮೇಲೆ ಕಾರು ಎಗರಿತು. ರಂಗನಾಥಯ್ಯನವರ ಹೆಂಡತಿ ಜಯಮ್ಮನವರ ಎಡಗಾಲು ಮ್ಯಾಟು, ಗೋಣಿ, ಡಾಂಬರು ಎಲ್ಲವನ್ನೂ ದಾಟಿಕೊಂಡು ರಸ್ತೆಗೆ ಇಳಿಯಿತು. ಪುಣ್ಯಕ್ಕೆ ಗಾಡಿ ನಿಧಾನವಾಗಿತ್ತು. ಹಿಮ್ಮಡಿ ತರಚಿ ರಕ್ತ ಬಂತು, ಚಪ್ಪಲಿ ಹಿಂದೆಯೇ ಉಳಿಯಿತು. ಆಕೆ ಕಾಲನ್ನು ಒಳಗೆ ಎಳೆದುಕೊಂಡು, ಬಾಗಿಲು ತೆರೆದು, ಇಳಿದು, ‘ಇನ್ನು ನಾನು ಈ ಕಾರಿಗೆ ಕಾಲಿಡಲ್ಲ’ ಎಂದರಂತೆ. ಮತ್ತೆ ಒಂದೇ ಚಪ್ಪಲಿಯಲ್ಲಿ ಮನೆಯವರೆಗೂ ನಡೆದುಕೊಂಡು ಹೋದರು. ಯಜಮಾನರು ಪಕ್ಕದಲ್ಲೇ ಕಾರನ್ನು ನಡಿಗೆಯ ವೇಗದಲ್ಲಿ ಓಡಿಸಿಕೊಂಡು, ‘ಜಯಾ, ಹತ್ತೇ’ ಎನ್ನುತ್ತಾ ಬಂದರಂತೆ.

ಮಾರನೆಯ ದಿನ ಇಬ್ಬರೂ ಗ್ಯಾರೇಜಿಗೆ ಬಂದರು. ಅವರು ಕಾರಿನಲ್ಲಿ, ಆಕೆ ಬಸ್ಸಿನಲ್ಲಿ. ಆಕೆಯೇ ಮೊದಲು ಬಂದದ್ದು. ಕಾಲಿಗೆ ಬ್ಯಾಂಡೇಜ್ ಇತ್ತು. ರಂಗನಾಥಯ್ಯ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು, ಗ್ಯಾರೇಜಿನಲ್ಲಿ ಕಾಯುತ್ತಿದ್ದ ನಾಲ್ಕೈದು ಗಿರಾಕಿಗಳ ಎದುರಿಗೇ, ನಾನು ಕೆಲಸ ಮಾಡಿದ್ದ ಜಾಗಗಳಿಗೆಲ್ಲ ಅಡಿಯಿಂದ ಅಂಟಿಸಿ ನೋಡಿದರು. ಅದು ಅಂಟಲಿಲ್ಲ, ಪ್ರತಿ ಸಲವೂ ಟಪ್ ಎಂದು ನೆಲಕ್ಕೆ ಬಿತ್ತು. ಒಳಗಿದ್ದದ್ದು ಕಬ್ಬಿಣವಾಗಿದ್ದರಲ್ಲವೇ.

‘ಇದನ್ನ ಮಾಡಿದ್ದು ಯಾರು?’ ಎಂದರು ಜಯಮ್ಮ.

ಮೇಸ್ತ್ರಿ ನನ್ನ ಕಡೆ ತಿರುಗಿ, ‘ಹಿಂಗೂ ಮಾಡ್ತಾರೇನೋ? ಗೋಣಿ ಹಾಕ್ತಾರೇನೋ ಕಾರಿಗೆ?’ ಎಂದರು. ಅವರ ಮುಖದಲ್ಲಿದ್ದ ಆಶ್ಚರ್ಯ ನೋಡಿ ಒಂದು ಕ್ಷಣ ನನಗೂ ಅವರ ಮೇಲೆ ನಂಬಿಕೆ ಬಂತು. ‘ತಪ್ಪಾಯ್ತು ಮೇಸ್ತ್ರಿ’ ಎಂದೆ. ಬೇರೇನು ಹೇಳಲಿ, ಅನ್ನ ಕೊಡುತ್ತಿದ್ದವರು ಅವರು.

ಮೇಸ್ತ್ರಿ ಅಲ್ಲೇ ತೀರ್ಪು ಕೊಟ್ಟರು. ‘ಇವನು ನಿಮ್ಮ ಮನೆಗೇ ಬಂದು ಸರಿಮಾಡ್ತಾನಮ್ಮ. ತಾವು ಅದೇ ಕಾರಲ್ಲಿ ಕೂತ್ಕೊಂಡು ಇಲ್ಲಿಗೆ ಬರೋವರೆಗೂ ಇವನನ್ನ ನಾನು ಗ್ಯಾರೇಜಿಗೆ ಸೇರಿಸಲ್ಲ.’ ಗಿರಾಕಿಗಳು ತಲೆದೂಗಿದರು. ಒಬ್ಬ ಮೇಸ್ತ್ರಿ ಹೊರಗೆ ಹಾಕಿದ ಟಿಂಕರನ್ನು ಮೈಸೂರು ರಸ್ತೆಯ ಉದ್ದಕ್ಕೂ ಇನ್ನೊಬ್ಬ ಮೇಸ್ತ್ರಿ ಒಳಗೆ ಬಿಡುತ್ತಿರಲಿಲ್ಲ, ಅದು ಅವರವರಲ್ಲಿದ್ದ ಕಟ್ಟು. ಎಂಟು ವರ್ಷ ಕಲಿತ ಕಸುಬು ಇನ್ನು ಆ ಹೆಂಗಸಿನ ಕಾಲಿನ ಮೇಲೆ ನಿಂತಿತ್ತು. ಆ ಕಾಲಿಗೋ ಬ್ಯಾಂಡೇಜು.

ಹೊಟ್ಟೆಪಾಡಿಗೆ ಕೆಂಗೇರಿಯಲ್ಲಿ ಕಿಟಕಿ ಗ್ರಿಲ್ ಮಾಡುವ ಅಂಗಡಿಯೊಂದಕ್ಕೆ ಹೋಗತೊಡಗಿದೆ. ಭಾನುವಾರಗಳು ರಾಜಾಜಿನಗರಕ್ಕೆ. ಅವರ ಮನೆಯ ಪಕ್ಕ ಕಾರು ನಿಲ್ಲುವಷ್ಟೇ ಅಗಲದ ಒಂದು ಶೀಟಿನ ಶೆಡ್ಡು. ಬೆಸುಗೆಯ ಗ್ಯಾಸಿನ ಸಿಲಿಂಡರನ್ನು ಸೈಕಲ್ ಗಾಡಿಯಲ್ಲಿ ಹೇರಿಕೊಂಡು ಹೋದ ಮೊದಲ ದಿನ ಜಯಮ್ಮ ತುಳಸಿಕಟ್ಟೆಗೂ ಅದಕ್ಕೂ ನಡುವೆ ಹತ್ತು ಹೆಜ್ಜೆ ಅಳೆದು, ಅಲ್ಲಿ ಇಡಿಸಿದರು. ಊಟ ಹಾಕಿದರು, ಚೆನ್ನಾಗಿಯೇ ಹಾಕಿದರು. ಮಾತು ಮಾತ್ರ ಹಾಕಲಿಲ್ಲ.

ರಂಗನಾಥಯ್ಯನವರ ಕೈಯಲ್ಲಿ ಕೆಲಸ ಕಲಿಯುವುದು ಎಂದರೇನೆಂದು ಹೇಳಬೇಕು. ಗ್ಯಾರೇಜಿನಲ್ಲಿ ನಮ್ಮ ಅಳತೆಗಳು ಮೂರು: ಸಾಕು, ಸಾಲದು, ನಡೆಯುತ್ತೆ. ಅವರು ತಗಡಿನ ದಪ್ಪವನ್ನು ಮೈಕ್ರೊಮೀಟರಿನಲ್ಲಿ ಅಳೆದು, ನೋಟ್ ಪುಸ್ತಕದಲ್ಲಿ ಬರೆದು, ತಾರೀಖು ಹಾಕಿ, ನನ್ನ ಕೈಲಿ ರುಜು ಹಾಕಿಸಿಕೊಳ್ಳುತ್ತಿದ್ದರು. ತುಕ್ಕು ಕಂಡ ಜಾಗದಿಂದ ಎರಡು ಇಂಚು ಆಚೆಗೆ, ತಗಡು ಬೆಳ್ಳಗೆ ಹೊಳೆಯುವವರೆಗೂ ಕತ್ತರಿಸಬೇಕು. ಮೊದಲು ರಟ್ಟಿನಲ್ಲಿ ಮಾದರಿ, ಆಮೇಲೆ ತಗಡು. ಬೆಸುಗೆಯನ್ನು ಒಂದೇ ಸಮ ಎಳೆಯಬಾರದು, ಕಾವಿಗೆ ತಗಡು ಸೊಟ್ಟಗಾಗುತ್ತದೆ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಹಾಕುತ್ತಾ ಕೂಡಿಸಬೇಕು. ಇದು ಯಾವುದನ್ನೂ ಅವರು ಕೈಯಾರೆ ಮಾಡಿದವರಲ್ಲ, ಓದಿ ಹೇಳುತ್ತಿದ್ದರು. ನಾನು ಯಾವುದನ್ನೂ ಓದಿದವನಲ್ಲ, ಕೇಳಿ ಮಾಡುತ್ತಿದ್ದೆ. ಇಬ್ಬರೂ ಸೇರಿದರೆ ಒಬ್ಬ ಟಿಂಕರ್ ಆಗುತ್ತಿದ್ದೆವು.

ಐದು ಭಾನುವಾರಕ್ಕೆ ಎಡಗಡೆಯ ತಳ ಹೊಸದಾಯಿತು. ಕೆಂಪು ಪ್ರೈಮರ್, ಮೇಲೆ ಎರಡು ಕೋಟು ಪೇಂಟ್. ಅಯಸ್ಕಾಂತ ಅಂಟಿತು. ಅಂಟಿದ್ದನ್ನು ಕೀಳಲು ರಂಗನಾಥಯ್ಯ ಎರಡು ಕೈ ಹಾಕಬೇಕಾಯಿತು. ‘ಜಯಾ, ಬಂದು ನೋಡೇ’ ಎಂದು ಕರೆದರು. ಆಕೆ ಬಂದು, ಬಗ್ಗಿ ನೋಡಿ, ‘ಮಳೆಗಾಲ ಕಳೀಲಿ’ ಎಂದು ಒಳಗೆ ಹೋದರು.

ಮಳೆಗಾಲ ಇನ್ನೂ ಶುರುವಿನಲ್ಲಿತ್ತು. ಇತರ ಜಾಗಗಳ ಕೆಲಸಕ್ಕೆಂದು ಹೋಗುತ್ತಿದ್ದ ನಾನು ಎರಡು ತಿಂಗಳ ನಂತರ ಒಂದು ಭಾನುವಾರ ಮ್ಯಾಟ್ ಎತ್ತಿ ನೋಡಿದರೆ, ಅದೇ ಜಾಗದಲ್ಲಿ ಪೇಂಟು ಬೊಬ್ಬೆ ಎದ್ದಿದೆ. ಉಗುರಿನಲ್ಲಿ ಕೆರೆದೆ. ಒಳಗೆ ಕೆಂಪಗೆ ತುಕ್ಕು. ಅಂಗೈ ಅಗಲ, ಹೆಚ್ಚುಕಡಿಮೆ ದುಂಡಗೆ. ಮೋಸ ಮಾಡಿ ಸಿಕ್ಕಿಬಿದ್ದಾಗ ಅಷ್ಟು ನಾಚಿಕೆ ಆಗಿರಲಿಲ್ಲ. ಈ ಸಲ ನಾನು ಮನಸ್ಸಿಟ್ಟು ಮಾಡಿದ್ದೆ.

ರಂಗನಾಥಯ್ಯ ಬೈಯಲಿಲ್ಲ. ಅವರು ಕಾರಣ ಹುಡುಕುವ ಜನ. ಮೊದಲ ವಾರ ಮುಂದಿನ ಗಾಜಿನ ರಬ್ಬರು ಸೋರುತ್ತಿದೆ ಎಂದರು, ಒಂಬತ್ತು ಬಿಂದಿಗೆ ನೀರು ಸುರಿದೆವು, ಒಂದು ತೊಟ್ಟೂ ಒಳಗೆ ಬರಲಿಲ್ಲ. ಮುಂದಿನ ವಾರ ಬೆಕ್ಕು ಎಂದರು, ಶೆಡ್ಡಿಗೆ ಜಾಲರಿ ಹೊಡೆದೆವು. ಮೂರನೆಯ ವಾರ ನನ್ನನ್ನೇ ದಿಟ್ಟಿಸಿ ನೋಡುತ್ತಾ ಬಹಳ ಹೊತ್ತು ಕೂತರು.

‘ಮರಿಸ್ವಾಮಿ, ನಿನಗೆ ಬೆವರು ಜಾಸ್ತಿ ಅಲ್ವೇನಯ್ಯ?’

‘ಗ್ಯಾಸ್ ಬೆಂಕಿ ಮುಂದೆ ಯಾರಿಗೆ ಬರಲ್ಲ ಸಾರ್?’

‘ಬೆವರಲ್ಲಿ ಉಪ್ಪಿರುತ್ತೆ. ಬೆಸುಗೆ ಹಾಕೋವಾಗ ಅದು ತಗಡಿನ ಮೇಲೆ ಬೀಳುತ್ತೆ. ಒಳಗೇ ಕೂತು ತಿನ್ನುತ್ತೆ.’

ನೋಟ್ ಪುಸ್ತಕದಲ್ಲಿ ‘ಬೆವರು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಅಂದಿನಿಂದ ನಾನು ಹಣೆಗೆ ಒಂದು ಟವೆಲು, ಕುತ್ತಿಗೆಗೆ ಒಂದು ಟವೆಲು, ಎರಡೂ ಮುಂಗೈಗೆ ಬಟ್ಟೆ ಸುತ್ತಿಕೊಂಡು ಬೆಸುಗೆ ಹಾಕಬೇಕಾಯಿತು. ಬೀದಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು, ಒಳಗೆ ಯಾರಿಗೋ ಪೆಟ್ಟಾಗಿದೆ ಎಂದುಕೊಂಡು ವಿಚಾರಿಸುತ್ತಿದ್ದರು. ತಗಡನ್ನು ಮತ್ತೆ ಕತ್ತರಿಸಿ, ಇನ್ನೂ ದಪ್ಪನೆಯದು ಬೆಸೆದು, ಪ್ರೈಮರ್ ಎರಡು ಸಲ ಹೊಡೆದೆ. ಒಂದೂವರೆ ತಿಂಗಳಿಗೆ ಅದೇ ಜಾಗದಲ್ಲಿ ಅದೇ ಬೊಬ್ಬೆ.

ಆ ಸಂಜೆ ಅವರು ಪುಸ್ತಕದಲ್ಲಿ ಬರೆದದ್ದನ್ನು ನಾನು ಹಿಂದಿನಿಂದ ಓದಿದೆ. ‘ಟಿಂಕರ್ ಬದಲಾಯಿಸಬೇಕು.’ ಅದನ್ನು ಬರೆದ ಮೇಲೂ ನನ್ನ ಕೈಗೆ ಕಾಫಿ ಲೋಟ ಕೊಟ್ಟು, ‘ದಸರಾ ಕಳೆಯೋವರೆಗೆ ನೋಡೋಣ’ ಎಂದರು. ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಕೈಗಳನ್ನೇ ನೋಡಿಕೊಳ್ಳುತ್ತಾ ಹೋದೆ. ಕಸುಬು ಬರುತ್ತದೆ ಎಂದುಕೊಂಡಿದ್ದೆನಲ್ಲ, ಅದೂ ಒಂದು ಮೇಕಪ್ಪೇ ಇರಬೇಕು ಎನ್ನಿಸಿತು. ಅಳು ಬಂತು, ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ಈಗ ಇಲ್ಲ.

ಅದಾಗಿ ಎಂಟು ಹತ್ತು ದಿನಕ್ಕೆ ಅಮಾವಾಸ್ಯೆ. ಕೆಂಗೇರಿಯ ಗ್ರಿಲ್ ಅಂಗಡಿಗೆ ಅಮಾವಾಸ್ಯೆ ರಜ. ವಾರದ ನಡುವೆ ಸಿಕ್ಕ ದಿನವೆಂದು ಬೆಳಗ್ಗೆಯೇ ಬಸ್ಸು ಹತ್ತಿ ರಾಜಾಜಿನಗರಕ್ಕೆ ಹೋದೆ, ಹೇಳಿ ಕಳಿಸಿರಲಿಲ್ಲ. ರಂಗನಾಥಯ್ಯ ತರಕಾರಿ ತರಲು ಹೋಗಿದ್ದರು. ಶೆಡ್ಡಿನ ಹತ್ತಿರ ಬಂದವನು ಅಲ್ಲೇ ನಿಂತೆ.

ಜಯಮ್ಮ ಕಾರಿನ ಮುಂದೆ ನಿಂತು, ಮುಷ್ಟಿಯಲ್ಲಿ ಕಲ್ಲುಪ್ಪು ಹಿಡಿದು, ಕಾರಿಗೆ ಮೂರು ಸಲ ನೀವಾಳಿಸುತ್ತಿದ್ದರು. ದೃಷ್ಟಿ ತೆಗೆಯುವುದು, ನಮ್ಮ ಮನೆಗಳಲ್ಲಿ ಎಲ್ಲರೂ ನೋಡಿರುವುದೇ. ನೀವಾಳಿಸಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿದರು. ಎಡಗಡೆಯ ಬಾಗಿಲು ತೆರೆದು, ಬಗ್ಗಿ, ಮ್ಯಾಟಿನ ಕೆಳಗಿನಿಂದ ಹಳೆಯ ಗಂಟನ್ನು ತೆಗೆದರು. ಅದು ಒದ್ದೆಯಾಗಿ ತೊಟ್ಟಿಕ್ಕುತ್ತಿತ್ತು. ಹೊಸ ಗಂಟನ್ನು ಅದೇ ಜಾಗದಲ್ಲಿ, ನನ್ನ ಬೆಸುಗೆಯ ನಟ್ಟನಡುವೆ ಇಟ್ಟು, ಮ್ಯಾಟ್ ಎಳೆದರು. ತಿರುಗಿದರೆ ಎದುರಿಗೆ ನಾನು.

‘ನೀನು ನೋಡಬಾರದಾಗಿತ್ತು’ ಎಂದರು.

ಒಂದೊಂದೇ ಹೊರಬಂತು. ಕಾರು ಕೊಂಡ ದಿನದಿಂದ ಪ್ರತಿ ಅಮಾವಾಸ್ಯೆ ಹೀಗೆ ಮಾಡುತ್ತಿದ್ದರು. ರಂಗನಾಥಯ್ಯ ಗೇಟಿನ ಬಳಿ ಕಾರು ಒರೆಸುತ್ತಾ ನಿಂತರೆ ಬೀದಿಯೇ ನೋಡುತ್ತಿತ್ತು, ಅಷ್ಟು ಕಣ್ಣು ಬಿದ್ದರೆ ಮನುಷ್ಯನಿಗೆ ಆಗುವುದಿಲ್ಲ ಎಂದು ಆಕೆಯ ಭಯ. ಅವರ ಸೀಟಿನ ಕೆಳಗೆ ಇಟ್ಟರೆ ಸಿಕ್ಕಿಬಿಡುತ್ತದೆ, ಇಂಥದ್ದನ್ನೆಲ್ಲ ಆಡಿಕೊಂಡು ನಗುವ ಪೈಕಿ ಅವರು. ಅದಕ್ಕೆ ತನ್ನ ಸೀಟಿನ ಕಡೆ. ದೃಷ್ಟಿ ತೆಗೆದ ಉಪ್ಪನ್ನು ಹೊರಗಿನವರು ಮುಟ್ಟಬಾರದೆಂದು, ಕಾರು ಗ್ಯಾರೇಜಿಗೆ ಹೋಗುವಾಗ, ನಾನು ಭಾನುವಾರ ಬರುವ ಮುಂಚೆ, ಗಂಟನ್ನು ಎತ್ತಿಟ್ಟುಕೊಂಡು, ಆಮೇಲೆ ಮತ್ತೆ ಇಡುತ್ತಿದ್ದರು. ಕಾಲು ತೂರಿದ ಮೇಲೆ ತಾನು ಹತ್ತುವುದಿಲ್ಲ ಎಂದು ಶಪಥ ಮಾಡಿದ್ದರೂ ಉಪ್ಪು ಮಾತ್ರ ನಿಂತಿರಲಿಲ್ಲ. ಯಜಮಾನರು ಹತ್ತುತ್ತಾರಲ್ಲ.

ನನಗೆ ಕೋಪ ಬಂದಿತ್ತು. ಎರಡು ಟವೆಲು ಸುತ್ತಿಕೊಂಡು ಬೆವರನ್ನು ಕಾದವನು ನಾನು. ಆದರೂ ಆ ಮುಖ ನೋಡಿ ಸಿಟ್ಟಿನಲ್ಲಿ ಮಾತಾಡಲಾಗಲಿಲ್ಲ.

‘ಅಮ್ಮ, ನೀವು ಉಪ್ಪಿನಕಾಯಿನ ಯಾತರಲ್ಲಿ ಹಾಕ್ತೀರ?’ ಎಂದೆ.

‘ಜಾಡೀಲಿ.’

‘ಕಬ್ಬಿಣದ ಬಾಣಲೇಲಿ ಯಾಕೆ ಹಾಕಲ್ಲ?’

‘ಅಯ್ಯೋ, ಕಬ್ಬಿಣದಲ್ಲಿ ಹಾಕಿದ್ರೆ ಉಪ್ಪು ಅದನ್ನ…’

ಮಾತು ಅಲ್ಲಿಗೇ ನಿಂತಿತು. ನಲವತ್ತು ವರ್ಷ ಅಡಿಗೆಮನೆಯಲ್ಲಿ ಒಂದು ಹರಳು ಉಪ್ಪನ್ನೂ ಕಬ್ಬಿಣದ ಹತ್ತಿರ ಬಿಡದ ಹೆಂಗಸು ಅವರು. ಕಾರೂ ಕಬ್ಬಿಣವೇ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಅಡಿಗೆಮನೆಯ ಹೊರಗೆ ನಿಂತಿದ್ದ ಅದು ಗಂಡಸರ ಸಾಮಾನು. ಅವರು ಕಾರಿನ ಬಾಗಿಲ ಅಂಚನ್ನು ಹಿಡಿದು ನಿಧಾನವಾಗಿ ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ತಮ್ಮ ಎಡಗಾಲಿನ ಹಿಮ್ಮಡಿಯನ್ನು ಮುಟ್ಟಿ ನೋಡಿಕೊಂಡರು.

‘ಅವರು ಕೂತಿರೋ ಕಡೆ ಇಟ್ಟಿದ್ದಿದ್ರೆ?’ ಎಂದರು. ‘ಬ್ರೇಕ್ ತುಳಿಯೋ ಕಾಲು ಕಣಪ್ಪ ಅದು.’

ಹಿಮ್ಮಡಿಯಿಂದ ಕೈ ತೆಗೆದು ಗೇಟಿನ ಕಡೆ ನೋಡಿದರು.

‘ಇವರಿಗೆ ಹೇಳ್ಬೇಡ. ನಾನೇ ಹೇಳ್ತೀನಿ, ಈಗಲ್ಲ.’

‘ಅವರು ನನ್ನ ಬಿಡಿಸಬೇಕು ಅಂತ ಬರೆದಿದಾರಮ್ಮ.’

‘ಗೊತ್ತು’ ಎಂದರು. ಅಷ್ಟೇ.

ಈಗ ಯೋಚಿಸಿ. ತಪ್ಪು ನನ್ನದಲ್ಲ ಎಂದು ತೋರಿಸಲು ಒಂದು ಬಟ್ಟೆಗಂಟು ಸಾಕಿತ್ತು. ರಂಗನಾಥಯ್ಯ ತರಕಾರಿ ಚೀಲ ಹಿಡಿದು ಗೇಟು ತೆಗೆಯುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ. ಅದು ದೊಡ್ಡತನ ಎಂದು ತಿಳಿಯಬೇಡಿ. ಆ ಉಪ್ಪು ತಿಂದ ತೂತಿನ ಮೇಲೆ ಗೋಣಿ ಹೊದಿಸಿ, ಆಕೆಯ ಕಾಲನ್ನು ಅದರ ಮೇಲೆ ಇಡಿಸಿದವನು ನಾನು. ತೂತು ಕಣ್ಣಿಗೆ ಕಂಡಿದ್ದರೆ ಆಕೆ ಅಲ್ಲಿ ಕಾಲಿಡುತ್ತಲೇ ಇರಲಿಲ್ಲ. ಉಪ್ಪಿಟ್ಟವರಿಗೆ ಗೊತ್ತಿರಲಿಲ್ಲ, ಗೋಣಿ ಹಾಕಿದವನಿಗೆ ಗೊತ್ತಿತ್ತು. ಈ ಲೆಕ್ಕದಲ್ಲಿ ನಾನು ಬಾಯಿ ಬಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಮೂರನೆಯ ತಗಡನ್ನು ಬೆಸೆಯಲು ರಂಗನಾಥಯ್ಯನವರನ್ನು ಕಾಡಿಬೇಡಿ ಒಪ್ಪಿಸಿದೆ. ಟವೆಲುಗಳನ್ನು ಹೇಳದೆಯೇ ಸುತ್ತಿಕೊಂಡೆ. ಜಯಮ್ಮ ಅಡಿಗೆಮನೆಯಿಂದ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಜಾಡಿಯೊಂದನ್ನು ತಂದು, ಯಜಮಾನರು ಒಳಗೆ ಹೋದಾಗ ನನ್ನ ಕೈಗಿತ್ತರು. ಎಡಗಡೆ ಸೀಟಿನ ಕೆಳಗೆ ಮರದ ಹಲಗೆ ಇತ್ತು, ಅದಕ್ಕೆ ಚರ್ಮದ ಪಟ್ಟಿ ಹೊಡೆದು ಜಾಡಿಯನ್ನು ಅಲ್ಲಾಡದ ಹಾಗೆ ನಿಲ್ಲಿಸಿದೆ. ಮುಚ್ಚಳದ ಸುತ್ತ ಮೇಣ. ಉಪ್ಪು ಅದರೊಳಗೆ. ನನ್ನ ಮೂವತ್ತೆಂಟು ವರ್ಷದಲ್ಲಿ ಕಾರಿಗೆ ಜಾಡಿ ಕೂರಿಸಿದ್ದು ಅದೊಂದೇ ಸಲ.

ದಸರಾ ಕಳೆಯಿತು, ಹಿಂಗಾರು ಮಳೆ ಹುಯ್ದು ನಿಂತಿತು, ತಗಡು ಹಾಕಿದ ಹಾಗೇ ಇತ್ತು. ರಂಗನಾಥಯ್ಯ ಪ್ರತಿ ಭಾನುವಾರ ಮ್ಯಾಟ್ ಎತ್ತಿ, ದೀಪ ಹಿಡಿದು, ಬೆರಳಾಡಿಸಿ, ‘ನೋಡಿದ್ಯೇನಯ್ಯ, ಬೆವರು’ ಎನ್ನುತ್ತಿದ್ದರು. ‘ಹೌದು ಸಾರ್’ ಎನ್ನುತ್ತಿದ್ದೆ. ತಮ್ಮ ಸ್ನೇಹಿತರಿಬ್ಬರಿಗೆ ಈ ಸಂಶೋಧನೆಯನ್ನು ವಿವರಿಸಿಯೂ ಹೇಳಿದರು. ಅವರಲ್ಲೊಬ್ಬರು ತಮ್ಮ ಮನೆಯ ಗೇಟಿಗೆ ಬೆಸುಗೆ ಹಾಕುತ್ತಿದ್ದವನ ಹಣೆಗೂ ಟವೆಲು ಕಟ್ಟಿಸಿದರೆಂದು ಕೇಳಿದೆ.

ಚಳಿ ಬಿದ್ದ ಮೇಲೆ ಒಂದು ಭಾನುವಾರ ಬೆಳಗ್ಗೆ ಜಯಮ್ಮ ಸೀರೆ ಉಟ್ಟು, ಹೊಸ ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಶೆಡ್ಡಿಗೆ ಬಂದು, ಎಡಗಡೆಯ ಬಾಗಿಲು ತೆಗೆದು, ಮೊದಲು ಒಂದು ಕಾಲಿಟ್ಟು ತುಳಿದು ನೋಡಿ, ಆಮೇಲೆ ಇನ್ನೊಂದನ್ನಿಟ್ಟು ಕೂತರು. ‘ನಡೀರಿ, ಬಾಪೂಜಿ ನಗರಕ್ಕೆ’ ಎಂದರು. ರಂಗನಾಥಯ್ಯ ಕನ್ನಡಕವನ್ನು ಒರೆಸಿಕೊಂಡರು. ಹಿಂದಿನ ಸೀಟಿನಲ್ಲಿ ನಾನು ಮೊಣಕಾಲು ಎದೆಗೆ ಒತ್ತಿಕೊಂಡು ಕೂತೆ. ವಿಜಯನಗರದ ಆ ಉಬ್ಬು ಬಂದಾಗ ಜಯಮ್ಮ ಎರಡು ಕಾಲನ್ನೂ ತಗಡಿಗೆ ಒತ್ತಿ ಕೂತರು. ಕಾರು ಎಗರಿ ಇಳಿಯಿತು. ಯಾರ ಕಾಲೂ ಎಲ್ಲಿಗೂ ಹೋಗಲಿಲ್ಲ.

ಗ್ಯಾರೇಜಿನ ಮುಂದೆ ಕಾರು ನಿಂತಾಗ ಮೇಸ್ತ್ರಿ ಬಿಳಿ ಅಂಗಿಯಲ್ಲಿ ಎದುರು ಬಂದರು. ಆ ದಿನವೂ ಮೂರು ನಾಲ್ಕು ಗಿರಾಕಿಗಳಿದ್ದರು. ಮೇಸ್ತ್ರಿ ಬಾಗಿಲು ತೆರೆಸಿ, ಮ್ಯಾಟ್ ಎತ್ತಿ, ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಆಡಿಸಿದರು. ಬೆಸುಗೆ ಎಲ್ಲಿ ಕೂಡುತ್ತದೆಂದು ಹುಡುಕುತ್ತಾ ಎರಡು ಮೂರು ಸಲ ಆಡಿಸಿದರು. ಅವರಿಗೆ ಅದು ಸಿಗಲಿಲ್ಲ. ಆ ಗಳಿಗೆಯ ಸಂತೋಷಕ್ಕೆ ಸಮನಾದದ್ದು ನನಗೆ ಕೆಲಸದಲ್ಲಿ ಮತ್ತೆ ಬರಲೇ ಇಲ್ಲ.

‘ಈಗ ಸರಿಹೋಯ್ತಾ ತಾಯಿ?’ ಎಂದರು ಮೇಸ್ತ್ರಿ. ‘ಇನ್ನು ಇವನು ಒಳಗೆ ಬರಬಹುದಾ?’

ಜಯಮ್ಮ ಇಳಿದು ನಿಂತರು. ‘ಮೊದಲು ಒಂದು ಹೇಳ್ಬೇಕು’ ಎಂದು ಗಂಡನ ಕಡೆ ತಿರುಗಿದರು. ‘ರೀ, ಅದು ಬೆವರಲ್ಲ. ಪ್ರತಿ ಅಮಾವಾಸ್ಯೆ ನಾನು ಅಲ್ಲಿ ದೃಷ್ಟಿ ಉಪ್ಪು ಇಡ್ತಿದ್ದೆ. ಅದು ತಿಂದಿದ್ದು. ಈ ಹುಡುಗನಿಗೆ ಮೂರು ತಿಂಗಳಿಂದ ಗೊತ್ತು, ನಾನು ಹೇಳ್ಬೇಡ ಅಂದಿದ್ದಕ್ಕೆ ಸುಮ್ಮನಿದ್ದ.’

ರಂಗನಾಥಯ್ಯ ಹೆಂಡತಿಯನ್ನೂ, ನನ್ನನ್ನೂ, ಕಾರನ್ನೂ ಒಂದು ಸುತ್ತು ನೋಡಿದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ‘ಯಾರಿಗೋಸ್ಕರ ಇಡ್ತಿದ್ದೆ?’ ಎಂದು ಮೆಲ್ಲಗೆ ಕೇಳಿದರು.

‘ಇನ್ಯಾರಿಗೆ’ ಎಂದರು ಜಯಮ್ಮ.

ಅವರು ಜೇಬಿನಿಂದ ನೋಟ್ ಪುಸ್ತಕ ತೆಗೆದು, ಹಾಳೆ ತಿರುಗಿಸಿ, ಏನನ್ನೋ ಹೊಡೆದುಹಾಕಿದರು. ಬೆವರನ್ನೋ, ಟಿಂಕರನ್ನೋ, ನನಗೆ ಕಾಣಿಸಲಿಲ್ಲ.

ಜಯಮ್ಮ ಅಷ್ಟಕ್ಕೆ ಬಿಡಲಿಲ್ಲ. ಸೆರಗು ಸರಿಮಾಡಿಕೊಂಡು ಗ್ಯಾರೇಜಿನ ಒಳಕ್ಕೆ ನಡೆದರು. ಅಲ್ಲಿ ಒಂದು ಕಾರು ಬಾಗಿಲು ತೆರೆದುಕೊಂಡು ನಿಂತಿತ್ತು, ಪಕ್ಕದಲ್ಲಿ ಡಾಂಬರು ಕಾಯುತ್ತಿತ್ತು. ಆಕೆ ಅದನ್ನು ನೋಡಿದರು, ಕಾರಿನ ಒಳಗೆ ಹಾಸಿದ್ದನ್ನೂ ನೋಡಿದರು, ಯಾವ ಗಿರಾಕಿಯದು ಎಂದು ಸುತ್ತ ನಿಂತವರ ಮುಖಗಳನ್ನೂ ನೋಡಿದರು. ಆಮೇಲೆ ಮೇಸ್ತ್ರಿಯ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, ಹಬ್ಬಕ್ಕೆ ಕರೆಯುವವರ ದನಿಯಲ್ಲಿ ಹೇಳಿದರು.

‘ಇವನು ಒಳಗೆ ಬರಲಿ. ನಮ್ಮ ಕಾರಿಂದು ಡಿಕ್ಕಿ ತಳ ಇನ್ನೂ ಬಾಕಿ ಇದೆ. ಬರೋ ಭಾನುವಾರ ನೀವು ನಮ್ಮನೆಗೆ ಬನ್ನಿ ಮೇಸ್ತ್ರಿ.’

ಗಿರಾಕಿಗಳಲ್ಲಿ ಒಬ್ಬ ಎದ್ದು ಹೋಗಿ ಆ ಕಾರಿನ ಒಳಗೆ ಇಣುಕಿದ. ಪುಟ್ಟ ಕಾರು ಇಬ್ಬರನ್ನೂ ಕೂರಿಸಿಕೊಂಡು ಮೈಸೂರು ರಸ್ತೆಯ ಕಡೆ ತಿರುಗುವವರೆಗೂ ಮೇಸ್ತ್ರಿ ನೋಡುತ್ತಾ ನಿಂತರು. ಬೈಗುಳಕ್ಕೆ ಕಾಯುತ್ತಾ ನಾನೂ ನಿಂತೆ. ಆಗಿನ್ನೂ ನನ್ನ ಎರಡು ಕಿವಿಯೂ ಚೆನ್ನಾಗಿದ್ದವು, ಆದರೂ ಅವರು ಎಷ್ಟು ಸಣ್ಣ ದನಿಯಲ್ಲಿ ಮಾತಾಡಿದರೆಂದರೆ ಹತ್ತಿರ ಹೋಗಿ ಕೇಳಿಸಿಕೊಳ್ಳಬೇಕಾಯಿತು.

‘ಅವರ ಮನೆಗೆ ಯಾವ ಬಸ್ಸೋ ಮರಿಸ್ವಾಮಿ?’

‘ವಿಜಯನಗರದಲ್ಲಿ ಇಳಿದು ಬದಲಾಯಿಸ್ಬೇಕು ಮೇಸ್ತ್ರಿ’ ಎಂದೆ. ‘ನಾನೂ ಬರ್ತೀನಿ.’